ಮದ್ದಿನ ಮುದುಕನ ಕೈ

ಮೊಂತೆವಿದೇವೊ
18 ಸೆಪ್ಟೆಂಬರ್ 1988

ಪ್ರೀತಿಯ ದೊರಿಲಾ ಅತ್ತೆಗೆ,

ನೀವು ಮಗನ ಮನೆಗೆಂದು ಸಾಲ್ತೊಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬೈಯುವುದಿದ್ದರೆ ಬೈದು ಮುಗಿಸಿ, ಆಮೇಲೆ ಓದಿ.

ಮೆರವಣಿಗೆಯ ಕುಣಿತಕ್ಕೆ ಭಾನುವಾರದ ಅಭ್ಯಾಸ ಶುರುವಾಗಿದೆ. ನಮ್ಮ ಹಳೇ ವಠಾರ ಕೆಡವಿದ ಜಾಗದ ಎದುರಿಗೇ ಹುಡುಗರು ರಟ್ಟು, ಹಳೇ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚಿ ಡೋಲಿನ ಚರ್ಮ ಕಾಯಿಸುತ್ತಾರೆ. ವಠಾರ ಹೋದರೂ ಹೊಗೆಗೆ ದಾರಿ ಮರೆತಿಲ್ಲ, ನೇರ ನನ್ನ ಅಡುಗೆಮನೆಗೇ ಬರುತ್ತದೆ.

ಬರೆಯಬೇಕಾದ್ದು ಅಪ್ಪನ ಸುದ್ದಿ. ಚಳಿಗಾಲವೆಲ್ಲ ಅವನು ಕಿಟಕಿ ಪಕ್ಕ ಕೂತೇ ಕಳೆದ. "ಮುದಿಯಮ್ಮನೇ ಊರು ಬಿಟ್ಟಳು, ಇನ್ನು ಮದ್ದಿನ ಮುದುಕ ಯಾರ ಮುಂದೆ ಕುಣೀಬೇಕು?" ಅನ್ನುತ್ತಿದ್ದ, ನಿಮ್ಮ ವೇಷ, ತನ್ನ ವೇಷ ನೆನೆದು. ಈ ಸಲ ಕೋಟು ಹೊರಗೆ ತೆಗೆಯುವುದೇ ಇಲ್ಲ ಅಂದುಕೊಂಡಿದ್ದೆ. ಈಗ ಬಂದು ನೋಡಬೇಕು ನೀವು! ಅದೇ ಉದ್ದ ಕೋಟು, ಅದೇ ಎತ್ತರದ ಟೋಪಿ, ಹತ್ತಿಯ ಗಡ್ಡ, ಬೇರುನಾರಿನ ಪೆಟ್ಟಿಗೆ. ಆದರೆ ನಡುಕ ಮಾತ್ರ ಹೊಸದು. ಇನ್ನೇನು ಬಿದ್ದ ಅನ್ನುವ ಹಾಗೆ ಬಾಗಿ ಡೋಲಿನ ಏಟಿಗೆ ಸರಿಯಾಗಿ ಎದ್ದು ನಿಲ್ಲುವುದನ್ನು ಎಲ್ಲ ತಂಡಗಳ ಮದ್ದಿನ ಮುದುಕರೂ ಮಾಡುತ್ತಾರೆ. ಅಪ್ಪನ ಬಲಗೈ ಈಗ ಬೇರೆಯೇ ಜೀವದ ಹಾಗೆ ನಡುಗುತ್ತದೆ. ಕೋಲು ಹಿಡಿದ ಬೆರಳುಗಳು ಕಾಳು ಉಜ್ಜುವಂತೆ ಆಡುತ್ತವೆ. ಬಾಲ್ಕನಿಯಲ್ಲಿ ಬಟ್ಟೆ ಹರವುವವರು ಹಾಗೇ ನಿಂತುಬಿಡುತ್ತಾರೆ.

ಬೇಕರಿಯ ಕಾರ್ಮೆಲೊ ನಿನ್ನೆ ಅಂಗಡಿಯಿಂದಲೇ ಕೂಗಿದ: "ದೋನ್ ಎಲಾದಿಯೊ, ಆ ಕೈನ ನಂಗೆ ಬಾಡಿಗೆಗೆ ಕೊಡ್ರೀ, ಹಿಟ್ಟಿನ ಜರಡಿ ಹಿಡಿಸ್ತೀನಿ!"

"ಬಾಡಿಗೆ ಕಟ್ಟೋಕೆ ನಿನ್ನ ಬೇಕರಿ ಮಾರ್ಬೇಕಾಗುತ್ತೆ ಕಣೋ," ಅಂದ ಅಪ್ಪ.

ನಿಮ್ಮ ಜಾಗಕ್ಕೆ ಇಸ್ತ್ರಿ ಅಂಗಡಿಯ ನೊರಾಲಿ ಬಂದಿದ್ದಾಳೆ. ಪರವಾಗಿಲ್ಲ, ಬೀಸಣಿಗೆ ಚೆನ್ನಾಗಿ ಬೀಸುತ್ತಾಳೆ. ಅಪ್ಪ ಮನೆಯಲ್ಲೂ ಅಭ್ಯಾಸ ಬಿಡುವುದಿಲ್ಲ. ಮಾಟೆ ಕುಡಿಯುವಾಗಲೂ ಕೈ ಆಡಿಸುತ್ತಲೇ ಇರುತ್ತಾನೆ, ಬಿಸಿ ಕಷಾಯ ಮೇಜಿನ ಮೇಲೆಲ್ಲ. ಒರೆಸಿ ಒರೆಸಿ ನನಗೆ ಸಾಕಾಗಿದೆ. ಆದರೂ ಅವನು ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತು, ಅತ್ತೆ.

ನಿಮ್ಮ
ಸುಲ್ಮಾ


ಸಾಲ್ತೊ
9 ಅಕ್ಟೋಬರ್ 1988

ಸುಲ್ಮಾ,

ನಿನ್ನ ಅಪ್ಪ ಮೊದಲಿಗಿಂತ ಚೆನ್ನಾಗಿ ಕುಣಿಯುತ್ತಿದ್ದಾನೆ ಅಂತ ಓದಿ ಸಂತೋಷವಾಯಿತು. ಸಂತೋಷ ಅಂತಲೇ ಬರೆದಿದ್ದೇನೆ, ಹಾಗೇ ಓದಿಕೋ.

ಇಲ್ಲಿ ಕಿತ್ತಳೆ ಇದೆ, ಸೆಕೆ ಇದೆ, ಬಿಸಿನೀರಿನ ಬುಗ್ಗೆ ಇದೆ. ನನ್ನ ಮೊಣಕಾಲಿಗೆ ಒಳ್ಳೆಯದು ಅಂತ ಸೊಸೆ ದಿನಾ ಅದರಲ್ಲಿ ಮುಳುಗಿಸುತ್ತಾಳೆ, ಆಲೂಗಡ್ಡೆ ಬೇಯಿಸಿದ ಹಾಗೆ. ಡೋಲು ಒಂದೂ ಇಲ್ಲ. ಮೊನ್ನೆ ಪಕ್ಕದ ಮನೆಯವನು ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದ, ನನ್ನ ಸೊಂಟ ತಾನಾಗಿ ಅಲ್ಲಾಡಿತು. ಮೊಮ್ಮಕ್ಕಳು ಇನ್ನೂ ನಗುತ್ತಿದ್ದಾರೆ.

ಒಂದು ಮಾತು ಕೇಳುತ್ತೇನೆ. ಎಲಾದಿಯೊ ನಡುಕಕ್ಕೂ ಕೈಗೂ ಏನು ಸಂಬಂಧ? ನನ್ನ ಜೊತೆ ಕುಣಿದಷ್ಟು ವರ್ಷವೂ ಅವನ ನಡುಕ ಮೊಣಕಾಲಲ್ಲಿ ಹುಟ್ಟಿ ಸೊಂಟಕ್ಕೆ ಏರಿ ಹೆಗಲಲ್ಲಿ ಮುಗಿಯುತ್ತಿತ್ತು. ಕೈ ಬರೀ ಕೋಲು ಹಿಡಿಯಲಿಕ್ಕೆ. "ಕೈ ಆಡ್ಸೋದು ಭಿಕ್ಷುಕರ ಕೆಲಸ, ನಡುಗೋದು ಕಾಲಿನ ಕೆಲಸ" ಅಂತ ಹೊಸಬರಿಗೆ ಅವನೇ ಬೈಯುತ್ತಿದ್ದ. ಈಗ ನೊರಾಲಿ ಬೀಸಣಿಗೆಗೆ ಕೈಗೂ ಜೀವ ಬಂತಾ? ಬರಲಿ ಬಿಡು. ಇಸ್ತ್ರಿ ಮಾಡುವವಳು ತಾನೇ, ಅವಳ ಕೈಯಲ್ಲಿ ಶಾಖ ಜಾಸ್ತಿ ಇರಬೇಕು.

ಅವನಿಗೆ ಹೇಳು, ದೊರಿಲಾ ಕೇಳಿದಳು ಅಂತ. ಇಲ್ಲ, ಹೇಳಬೇಡ.

ದೊರಿಲಾ


ಮೊಂತೆವಿದೇವೊ
13 ನವೆಂಬರ್ 1988

ಪ್ರೀತಿಯ ಅತ್ತೆ,

ನಿಮ್ಮ ಹೊಟ್ಟೆಕಿಚ್ಚಿನ ಕಾಗದ ಓದಿ ಬಿದ್ದು ಬಿದ್ದು ನಕ್ಕೆ. ಅಪ್ಪನಿಗೆ ಓದಿ ಹೇಳಲಿಲ್ಲ, ನೀವು ಬೇಡ ಅಂದ ಹಾಗೆ.

ನೀವು ಹೇಳಿದ್ದು ನಿಜ, ಮೊಣಕಾಲು ಈಗ ಅಷ್ಟು ಬಗ್ಗುವುದಿಲ್ಲ. ಹೆಜ್ಜೆ ಸಣ್ಣದಾಗಿದೆ. ವಯಸ್ಸಿಗೆ ತಕ್ಕ ಹಾಗೆ ಕುಣಿತವನ್ನು ಕೈಗೆ ಸಾಗಿಸಿಕೊಂಡಿದ್ದಾನೆ ಅಂತ ನಮ್ಮ ತಂಡದ ಯಜಮಾನ ಹಸಿಂತೊ ಹೇಳುತ್ತಾನೆ. ನನಗೂ ಅದು ಸರಿ ಅನಿಸುತ್ತದೆ. ನದಿ ಒಂದು ಕಡೆ ಬತ್ತಿ ಇನ್ನೊಂದು ಕಡೆ ಹರಿಯುವುದಿಲ್ಲವೇ?

ನಮ್ಮಿಬ್ಬರದೂ ಒಂದು ಆಟ ಶುರುವಾಗಿದೆ. ಅಪ್ಪ ಬಾಗಿಲ ಹೊಸ್ತಿಲಿಗೆ ಬಂದು ನಿಂತುಬಿಡುತ್ತಾನೆ. ಕಾಲು ಕಿತ್ತಿಡುವುದಿಲ್ಲ. "ಬಾ ಅಪ್ಪ" ಅಂದರೆ "ಡೋಲು ಎಲ್ಲಿ?" ಅನ್ನುತ್ತಾನೆ. ನಾನು ಹೊಲಿಗೆ ಯಂತ್ರ ಬಿಟ್ಟು ಮೇಜಿನ ಮೇಲೆ ನಮ್ಮ ಬೀದಿಯ ತಾಳ ತಟ್ಟಬೇಕು. ತಟ್ಟಿದ್ದೇ ತಡ, ಸರಾಗ ನಡೆದುಬಿಡುತ್ತಾನೆ. ರಾಜನಿಗೆ ವಾದ್ಯವಿಲ್ಲದೆ ಊಟದ ಮನೆಗೂ ಬರಲಾಗುವುದಿಲ್ಲ ಅಂತ ರೇಗಿಸುತ್ತೇನೆ.

ದೊಡ್ಡ ಸುದ್ದಿ ಇನ್ನೊಂದು. ಪತ್ರಿಕೆಯವರು ಬಂದಿದ್ದರು. ಈ ಊರನ್ನು ಊರು ಮಾಡಿದವರು ಅಂತ ವಾರಕ್ಕೊಬ್ಬರ ಬಗ್ಗೆ ಬರೆಯುತ್ತಾರಂತೆ. ಹೋದ ವಾರ ಬಂದರಿನ ಗಡಿಯಾರ ರಿಪೇರಿಯವನು, ಈ ವಾರ ಅಪ್ಪ. ಕಟಿಂಗ್ ಇಟ್ಟಿದ್ದೇನೆ, ನೋಡಿ. ಕೋಟಿನ ಅಂಚು ನಾನು ಹೊಲಿದದ್ದು, ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಈಗ ತರಕಾರಿ ಅಂಗಡಿಯಲ್ಲಿ ನನಗೂ ಸಾಲು ಬಿಡುತ್ತಾರೆ, "ಎಲಾದಿಯೊ ಮಗಳು, ಮುಂದೆ ಬಿಡ್ರಪ್ಪಾ" ಅಂತ. ಫೆಬ್ರವರಿಯಲ್ಲಿ ಎಲ್ಲ ಬೀದಿಗಳ ಡೋಲು ತಂಡಗಳೂ ಸೇರುವ 'ಕರೆ' ಮೆರವಣಿಗೆಯಲ್ಲಿ ಮದ್ದಿನ ಮುದುಕನ ಬಹುಮಾನ ಈ ಸಲ ನಮ್ಮ ಬೀದಿಗೇ ಅಂತ ಎಲ್ಲರೂ ಹೇಳುತ್ತಿದ್ದಾರೆ.

ನಿಮ್ಮ
ಸುಲ್ಮಾ


ಸಾಲ್ತೊ
4 ಡಿಸೆಂಬರ್ 1988

ಮಗಳೇ,

ಫೋಟೋ ನೋಡಿದೆ. ಕೋಟು ಚೆನ್ನಾಗಿದೆ.

ಮೂರು ವಿಷಯ ಗಮನಿಸಿ ನನಗೆ ಬರೆ. ಅವನನ್ನು ಕೇಳಬೇಡ, ಸುಮ್ಮನೆ ನೋಡು. ನಿದ್ದೆಯಲ್ಲೂ ಕೈ ಆಡುತ್ತದೋ? ಅಂಗಡಿ ಚೀಟಿ ಬರೆದರೆ ಅಕ್ಷರ ಮೊದಲಿನ ಗಾತ್ರ ಇದೆಯೋ? ನಗುವಾಗ ಮುಖವೆಲ್ಲ ನಗುತ್ತದೋ, ಬಾಯಿ ಮಾತ್ರವೋ? ಫೋಟೋದಲ್ಲಿ ಹತ್ತಿಯ ಗಡ್ಡ ಅಡ್ಡ ಬಂದಿದೆ, ನನಗೆ ತಿಳಿಯಲಿಲ್ಲ.

ಬೇಗ ಬರೆ.

ದೊರಿಲಾ


ಮೊಂತೆವಿದೇವೊ
27 ಡಿಸೆಂಬರ್ 1988

ಪ್ರೀತಿಯ ಅತ್ತೆ,

ಹಬ್ಬದ ಶುಭಾಶಯ. ನಿಮ್ಮ ಕಾಗದ ನೋಡಿ ಸುಮ್ಮಸುಮ್ಮನೆ ಹೆದರಿದೆ. ಅಪ್ಪ ಮಲಗಿದ್ದಾಗ ಹೋಗಿ ನೋಡಿದೆ. ಕೈ ಮಗುವಿನ ಕೈಯ ಹಾಗೆ ತಣ್ಣಗೆ ಮಲಗಿತ್ತು. ಕಾಯಿಲೆಯಾಗಿದ್ದರೆ ಅದಕ್ಕೂ ನಿದ್ದೆ ಬರುತ್ತಿತ್ತೇ? ಇದು ಅಭ್ಯಾಸವೇ.

ಹೊಸ ಕೋಟು ಹೊಲಿಯುತ್ತಿದ್ದೇನೆ. ಕಪ್ಪು ಬಟ್ಟೆಗೆ ಒಳಗೆ ಕೆಂಪು ಅಸ್ತರಿ. ನೊರಾಲಿಗೆ ಹೊಸ ಲಂಗ. ಸೆಕೆ ತುಂಬಾ ಇದೆ. ರಾತ್ರಿ ಊಟಕ್ಕೆ ಹಸಿಂತೊ ಮನೆಯವರು ಬಂದಿದ್ದರು, ಎಲ್ಲರೂ ನಿಮ್ಮನ್ನು ನೆನೆಸಿಕೊಂಡರು. ಇನ್ನೇನು ಬರೆಯಲಿ, ಕೆಲಸ ಬಹಳ.

ಸುಲ್ಮಾ


ಸಾಲ್ತೊ
12 ಜನವರಿ 1989

ಸುಲ್ಮಾ,

ಮೂರು ಕೇಳಿದರೆ ಒಂದಕ್ಕೆ ಉತ್ತರ ಬರೆದಿದ್ದೀಯ. ಉಳಿದೆರಡು ಎಲ್ಲಿ? ಅಸ್ತರಿಯ ಬಣ್ಣ ನಾನು ಕೇಳಿರಲಿಲ್ಲ.

ನನ್ನ ಗಂಡನ ಅಣ್ಣ ಕ್ರಿಸಾಂತೊ ನಿನಗೆ ನೆನಪಿರಲಿಕ್ಕಿಲ್ಲ. ಮೂಲೆಯಲ್ಲಿ ಕ್ಷೌರದ ಅಂಗಡಿ ಇತ್ತು. ಅವನ ಕೈಯೂ ಹೀಗೇ ಶುರುವಾಯಿತು, ಕಾಳು ಉಜ್ಜಿದ ಹಾಗೆ. ಅವನ ಕೈಯೂ ನಿದ್ದೆಯಲ್ಲಿ ಸುಮ್ಮನಿರುತ್ತಿತ್ತು. ಬರಬರುತ್ತಾ ಅಕ್ಷರ ಇರುವೆಯಷ್ಟಾಯಿತು. ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು. ಅವನ ಕೈಯಲ್ಲಿ ಕತ್ತಿ ಇತ್ತಲ್ಲ, ಗಿರಾಕಿಗಳು ಓಡಿಹೋದರು, ಆದ್ದರಿಂದ ನಮಗೆ ಬೇಗ ಗೊತ್ತಾಯಿತು. ನಿಮ್ಮಪ್ಪನ ಕೈಯಲ್ಲಿ ಕೋಲಿದೆ, ಮೇಲೆ ಟೋಪಿ ಇದೆ. ನಡುಗಿದಷ್ಟೂ ಜನ ಹತ್ತಿರ ಬರುತ್ತಾರೆ. ಅವನಿಗೆ ಗೊತ್ತಾಗುವುದು ಹೇಗೆ?

ನಾನು ಅಕ್ಟೋಬರಿನಲ್ಲೇ ಯೋಚಿಸಬೇಕಿತ್ತು. ನೊರಾಲಿ ಮೇಲಿನ ಸಿಟ್ಟಿನಲ್ಲಿ ಚುಚ್ಚುಮಾತು ಬರೆದು ಕೂತೆ. ಅದು ನನ್ನ ತಪ್ಪು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಮೆರವಣಿಗೆಗೆ ಮೊದಲು ಅವನಿಗೆ ಹೇಳು. ಕುಣಿಯಬೇಡ ಅಂತ ಹೇಳು ಅನ್ನುತ್ತಿಲ್ಲ. ಜನ ಚಪ್ಪಾಳೆ ತಟ್ಟುತ್ತಿರುವುದು ಯಾವುದಕ್ಕೆ ಅಂತ ಅವನಿಗೆ ಗೊತ್ತಿರಬೇಕು.

ದೊರಿಲಾ


ಸಾಲ್ತೊ
29 ಜನವರಿ 1989

ಕಾಗದ ತಲುಪಿತೇ? ಒಂದು ಸಾಲು ಬರೆ.

ದೊ.


ಮೊಂತೆವಿದೇವೊ
20 ಫೆಬ್ರವರಿ 1989

ಅತ್ತೆ,

ಎರಡೂ ತಲುಪಿದವು. ಉತ್ತರ ಬಾರದ್ದು ಅಂಚೆಯವರ ತಪ್ಪಲ್ಲ.

ನನಗೆ ಡಿಸೆಂಬರಿನಲ್ಲೇ ಗೊತ್ತಿತ್ತು. ನಿಮ್ಮ ಮೂರು ಪ್ರಶ್ನೆ ಓದಿದ ಮಾರನೇ ದಿನ ನನ್ನ ರಕ್ತದೊತ್ತಡ ನೋಡಿಸುವ ನೆಪದಲ್ಲಿ ಚಿಕಿತ್ಸಾಲಯಕ್ಕೆ ಹೋಗಿ, ಪಕ್ಕದ ಮನೆಯವರಿಗೆ ಹೀಗಾಗಿದೆ ಅಂತ ಹೇಳಿ ಕೇಳಿದೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. "ಅವರನ್ನು ಕರ್ಕೊಂಡು ಬನ್ನಿ, ಮಾತ್ರೆ ಇದೆ" ಅಂದರು. ಹೂಂ ಅಂದು ಮನೆಗೆ ಬಂದು ಅಸ್ತರಿ ಕತ್ತರಿಸಲು ಕೂತೆ. ಅಕ್ಷರ ಚಿಕ್ಕದಾಗಿದೆ. ಮುಖ ನಗುವುದಿಲ್ಲ. ಅದನ್ನು ನಿಮಗೆ ಬರೆದರೆ ನಿಜವಾಗಿಬಿಡುತ್ತದೆ ಅನಿಸಿತು.

ಅವನ ಖುಷಿ ಕೆಡಿಸಬಾರದು ಅಂತ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧ ತರಕಾರಿ ಅಂಗಡಿಯ ಸಾಲು. ಹಸಿಂತೊ ಬಂದು, "ಸುಲ್ಮಾ, ಆ ಕೈ ಒಂದಿದ್ರೆ ಬಹುಮಾನ ಗ್ಯಾರಂಟಿ ಕಣೇ, ಚೆನ್ನಾಗಿ ನೋಡ್ಕೋ" ಅಂದಾಗ ನಾನು ಕೋಟಿನ ಬಲತೋಳನ್ನು ಮೊಳಕೈವರೆಗೆ ಗಿಡ್ಡ ಮಾಡಿದೆ, ಕೈ ಪೂರಾ ಕಾಣಲಿ ಅಂತ. ಇದನ್ನು ನಾನೇ ಮಾಡಿದ್ದು, ಅತ್ತೆ. ಗೊತ್ತಿದ್ದೂ.

ಮೆರವಣಿಗೆ ದಿನ ಬೀದಿಯ ಎರಡೂ ಬದಿ ಕುರ್ಚಿ, ಮೇಲೆ ಬಾಲ್ಕನಿ ತುಂಬಾ ಜನ. ನಾನು ಸೂಜಿದಾರ ಹಿಡಿದು ತಂಡದ ಪಕ್ಕದಲ್ಲೇ ನಡೆಯುತ್ತಿದ್ದೆ, ಯಾರ ಗುಂಡಿ ಕಿತ್ತರೂ ಹಾಕಿಕೊಡಲು. ಅಪ್ಪ ಡೋಲಿನ ಮುಂದೆ ಹೂವಿನ ಹಾಗೆ ತೇಲುತ್ತಿದ್ದ. ನಡುವೆ ಮುಂದಿನ ತಂಡದ ದೊಡ್ಡ ಬಾವುಟ ಯಾವುದೋ ಬಾಲ್ಕನಿ ಕಂಬಿಗೆ ಸಿಕ್ಕಿಹಾಕಿಕೊಂಡಿತು. ಎಲ್ಲ ನಿಂತಿತು. ಹಸಿಂತೊ ಕೈ ಎತ್ತಿದ, ಡೋಲುಗಳೂ ನಿಂತವು.

ಡೋಲು ನಿಂತರೆ ಮದ್ದಿನ ಮುದುಕನೂ ಕಲ್ಲಾಗಬೇಕು. ಅದು ನಿಮಗೆ ಗೊತ್ತು, ಬೀದಿಯ ಮಕ್ಕಳಿಗೂ ಗೊತ್ತು. ಅಪ್ಪ ಕಲ್ಲಾದ. ಕೈ ಆಗಲಿಲ್ಲ.

ಸದ್ದಿಲ್ಲದ ಬೀದಿಯಲ್ಲಿ ಅದೊಂದೇ ಆಡುತ್ತಿತ್ತು. ಜನ ಅದನ್ನು ಹೊಸ ತಮಾಷೆ ಅಂದುಕೊಂಡರು. "ಡೋಲಿಗೆ ಸುಸ್ತಾಯ್ತು, ಮುದುಕಂಗೆ ಸುಸ್ತಿಲ್ಲ ನೋಡ್ರೋ!" ಅಂತ ಯಾರೋ ಮೇಲಿಂದ ಕೂಗಿದರು. ಚಪ್ಪಾಳೆ ಬಿತ್ತು. ನೊರಾಲಿ ನಗುತ್ತಾ ಆ ಕೈಗೆ ಬೀಸಣಿಗೆ ಬೀಸಿದಳು. ಅಪ್ಪ ತನ್ನ ಕೈಯನ್ನೇ ನೋಡಿದ. ಯಾರದೋ ಕೈ ತನ್ನ ತೋಳಿಗೆ ಬಂದು ಕೂತಿದೆ ಅನ್ನುವಂತೆ ನೋಡಿದ. ಎಡಗೈಯಿಂದ ಅದನ್ನು ಒತ್ತಿ ಹಿಡಿದ. ಕೋಲು ಬಿತ್ತು. ಕೈಯನ್ನು ಕೋಟಿನ ಜೇಬಿಗೆ ತುರುಕಿದ. ಜೇಬು ನಡುಗಿತು. ಜನ ಎದ್ದು ನಿಂತು ಕೂಗತೊಡಗಿದರು.

ಆಗ ಅವನು ತಿರುಗಿ ನನ್ನನ್ನು ಹುಡುಕಿದ. ನಾನು ಅಲ್ಲೇ ಇದ್ದೆ. ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಬಹುಮಾನ ಬಂತು. ಮನೆಗೆ ಬಂದು ಅಪ್ಪ ಗಡ್ಡವನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತ. "ನಿಂಗೆ ಗೊತ್ತಿತ್ತಾ?" ಅಂದ. ಗೊತ್ತಿಲ್ಲದವಳಾಗಿದ್ದರೆ "ಏನು?" ಅಂತ ಕೇಳುತ್ತಿದ್ದಳು. ನಾನು "ಇಲ್ಲ" ಅಂದುಬಿಟ್ಟೆ.

ಅವನು ಗಡ್ಡ ಬಿಚ್ಚಿ ಪೆಟ್ಟಿಗೆಗಿಟ್ಟ. ಅಂದಿನಿಂದ ಮತ್ತೆ ಆ ಮಾತು ಕೇಳಿಲ್ಲ.

ಸುಲ್ಮಾ


ಸಾಲ್ತೊ
5 ಮಾರ್ಚ್ 1989

ಸುಲ್ಮಾ,

ಎದುರಿಗೆ ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಆಮೇಲೆ ನಿನ್ನ ಪಕ್ಕ ಕೂತು ಅಳುತ್ತಿದ್ದೆ.

ನನ್ನದೂ ಕೇಳು. ನಿಮ್ಮ ಮೂಲೆ ಅಂಗಡಿಗೆ ಒಂದು ಫೋನು ಮಾಡಿ "ಎಲಾದಿಯೊನ ಕರೀರಿ" ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಫೋನು ನನ್ನ ಮಗನ ಮನೆಯಲ್ಲೇ ಇದೆ. ಆದರೂ ಕಾಗದ ಬರೆದೆ. ಕಾಗದಕ್ಕೆ ಉತ್ತರ ಬಾರದಿದ್ದರೆ, ನಾನು ಹೇಳಿದ್ದೇನಪ್ಪಾ ಅಂತ ಸುಮ್ಮನೆ ಇರಬಹುದು. ಅವನ ದನಿ ಕೇಳಿದ್ದರೆ ನಾನೇ ಹೇಳಬೇಕಾಗುತ್ತಿತ್ತು. ಎಷ್ಟೋ ವರ್ಷ ಬೀದಿಯಲ್ಲಿ ಅವನ ಹೆಂಡತಿಯ ವೇಷ ಹಾಕಿದವಳು ನಾನು. ಆ ಮಾತು ನಾನಾಡಬಹುದಿತ್ತು. ನಿನ್ನ ತಲೆಗೆ ಕಟ್ಟಿದೆ.

ಈಗ ಹೋಗಿ ಹೇಳು. ಅವನು ಕೂತಿರುವಾಗ ಹೇಳು. ಡಾಕ್ಟರ ಹತ್ತಿರ ಹೋದದ್ದು, ಕೋಟಿನ ತೋಳು, ಎಲ್ಲ ಹೇಳು. ಮೊದಲೇ ಕ್ಷಮೆ ಕೇಳಬೇಡ. ಕೇಳಿದರೆ ಅವನು ತನ್ನ ದುಃಖ ಬದಿಗಿಟ್ಟು ನಿನ್ನನ್ನು ಸಮಾಧಾನ ಮಾಡಲು ಹೊರಡುತ್ತಾನೆ. ಅವನ ಸ್ವಭಾವ ಅದು. ಅಷ್ಟು ಸುಲಭದಲ್ಲಿ ನೀನು ತಪ್ಪಿಸಿಕೊಳ್ಳಬಾರದು.

ದೊರಿಲಾ


ಮೊಂತೆವಿದೇವೊ
2 ಜುಲೈ 1989

ಪ್ರೀತಿಯ ಅತ್ತೆ,

ಇಷ್ಟು ದಿನ ಬರೆಯದ್ದಕ್ಕೆ ಈ ಸಲ ಕಾರಣ ಬೇರೆ. ಹೇಳಲಿಕ್ಕೇ ಏಪ್ರಿಲ್ ಆಯಿತು. ಕಾಗದ ಹಿಡಿದಾಗಲೆಲ್ಲ ಇನ್ನೂ ಹೇಳಿಲ್ಲ ಅಂತ ನಿಮಗೆ ಬರೆಯಲು ನಾಚಿಕೆಯಾಗುತ್ತಿತ್ತು, ಹೇಳಿದ ಮೇಲೆ ಚಿಕಿತ್ಸಾಲಯದ ಓಡಾಟ.

ನೀವು ಹೇಳಿದ ಹಾಗೆಯೇ ಹೇಳಿದೆ, ಅವನು ಕೂತಿದ್ದಾಗ, ಎಲ್ಲವನ್ನೂ. ಅಪ್ಪ ಮಾಟೆ ಕುಡಿಯುವ ಸೋರೆ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡ. ಬುರುಡೆ ಕೆಳಗಿಟ್ಟು, "ಹೇಳಿದ್ರೆ ಕುಣೀತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ" ಅಂದ. "ಕುಣೀತಿದ್ದೆ ಅಂತ್ಲೇ ಇಟ್ಕೋ. ಆದ್ರೆ ಅದನ್ನ ನಾನು ಯೋಚಿಸ್ಬೇಕಿತ್ತು ಮಗಾ. ನನ್ನ ಬದ್ಲು ನೀನು ಯೋಚಿಸ್ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಬಹುಮಾನದ ಫಲಕವನ್ನು ಹಸಿಂತೊ ಮನೆಗೆ ಕೊಂಡುಹೋಗಿ ಕೊಟ್ಟು ಬಂದ. ಹಸಿಂತೊ ಗಾಬರಿಯಿಂದ ನನ್ನ ಹತ್ತಿರ ಓಡಿ ಬಂದ, ಅವನಿಗೂ ನಾನೇ ಹೇಳಬೇಕಾಯಿತು. ಅವನು ತಲೆ ಮೇಲೆ ಕೈಹೊತ್ತು, "ಅಯ್ಯೋ, ನಾನು ಆ ಕೈನ ಬೇರೆ ತಂಡದವ್ರಿಗೆ ತೋರ್ಸಿ ಜಂಬ ಕೊಚ್ಕೊಂಡ್ನಲ್ಲೇ" ಅಂದ.

ಚಿಕಿತ್ಸಾಲಯಕ್ಕೆ ಇಬ್ಬರೂ ಹೋದೆವು. "ಪಕ್ಕದ ಮನೆಯವರು ಇವರೇನಾ?" ಅಂತ ಡಾಕ್ಟರು ಕೇಳಿದರು. ಅಪ್ಪನೇ, "ಹೌದು, ಒಂದೇ ಗೋಡೆ" ಅಂದ. ಮಾತ್ರೆ ಕೊಟ್ಟಿದ್ದಾರೆ. ಕೈ ಬಹಳ ಮಟ್ಟಿಗೆ ಸುಮ್ಮನಾಗಿದೆ. ಹೊಸ್ತಿಲಲ್ಲಿ ಈಗಲೂ ಒಮ್ಮೊಮ್ಮೆ ನಿಲ್ಲುತ್ತಾನೆ. ನಾನು ಮೇಜು ತಟ್ಟಲು ಹೋದರೆ "ಬೇಡ" ಅನ್ನುತ್ತಾನೆ. ತಾನೇ ಬಾಯಲ್ಲಿ ತಾಳ ಹೇಳಿಕೊಂಡು ದಾಟುತ್ತಾನೆ. ಕ್ಷಮಿಸಿದ್ದಾನೆ ಅಂತ ನಾನು ಬರೆಯಲಾರೆ. ಕ್ಷಮಿಸಿಲ್ಲ ಅಂತಲೂ ಬರೆಯಲಾರೆ. ಬೆಳಿಗ್ಗೆ ನನಗೂ ಸೇರಿಸಿ ಬಿಸಿನೀರು ಕಾಯಿಸುತ್ತಾನೆ, ಅಷ್ಟು ಗೊತ್ತು.

ಈವತ್ತು ಭಾನುವಾರ. ಚಳಿಗೆ ಕೆಲವೇ ಹುಡುಗರು ಬಂದು ಬೆಂಕಿ ಹಚ್ಚಿದ್ದರು. ಅಪ್ಪ ಕೋಟು, ಟೋಪಿ, ಗಡ್ಡ ಏನೂ ಇಲ್ಲದೆ, ಮನೆಯಲ್ಲಿ ಹಾಕುವ ಸ್ವೆಟರಿನಲ್ಲೇ ಹೋಗಿ ಡೋಲಿನ ಮುಂದೆ ನಿಂತ. ಕುಣಿದ. ನೀವು ಹೇಳಿದ ನಡುಕ, ಅತ್ತೆ. ಮೊಣಕಾಲಲ್ಲಿ ಹುಟ್ಟಿ, ಸೊಂಟಕ್ಕೆ ಏರಿ, ಹೆಗಲವರೆಗೆ ಹೋಗಲು ನೋಡಿತು, ಹೋಗಲಾರದೆ ನಡುವೆಯೇ ಉಳಿಯಿತು. ಮತ್ತೆ ಮೊದಲಿಂದ ಶುರು ಮಾಡಿದ. ಬಾಗಿಲಲ್ಲಿ ನಿಂತಿದ್ದ ಹೆಂಗಸರು, "ಪಾಪ, ಹೋದ ವರ್ಷದ ಹಾಗಿಲ್ಲ. ಮುದುಕಂಗೆ ವಯಸ್ಸಾಗ್ಬಿಡ್ತು" ಅಂತ ಮಾತಾಡಿಕೊಂಡರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟಲು ಕೈ ಎತ್ತಿದೆ. ಮೆರವಣಿಗೆಯ ದಿನ ತಟ್ಟಿದ ಕೈ ಇದೇ ಅನಿಸಿ ಹಾಗೇ ಇಳಿಸಿದೆ.

ಮನೆಗೆ ಬಂದವನು ಬೂಟಿನ ದಾರ ಬಿಚ್ಚುತ್ತಾ, ಮುಖ ಎತ್ತದೆ ಕೇಳಿದ: "ಹೆಂಗಿತ್ತು?"

ಚೆನ್ನಾಗಿತ್ತು ಅನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಅವನು ಕಾಯುತ್ತಿದ್ದ.

"ಚೆನ್ನಾಗಿರ್ಲಿಲ್ಲ ಅಪ್ಪ," ಅಂದೆ. "ಎರಡು ಸಲ ಡೋಲು ಮುಂದೆ ಹೋಯ್ತು, ನೀನು ಹಿಂದೆ ಉಳಿದೆ."

ಅವನು ಬೂಟು ಕಳಚಿ ಗೋಡೆ ಪಕ್ಕ ಜೋಡಿಸಿಟ್ಟ. ಆಮೇಲೆ ನನ್ನ ಮುಖ ನೋಡಿದ.

"ಮೂರು ಸಲ," ಅಂದ. "ಒಂದನ್ನ ನೀನು ನೋಡ್ಲಿಲ್ಲ."

ನಿಮ್ಮ
ಸುಲ್ಮಾ